ಬೀಮಿನೊಳಗೆ ಸುತ್ತಿಹೋದ ಕೊನೆಯ ಕಂತುಗಳು

ನನ್ನ ಧಾರಾವಾಹಿಯ ಕೊನೆಯ ಕಂತುಗಳನ್ನು ನಮ್ಮ ಅತ್ತೆ ಸೀರೆಯ ಹಾಸಿನೊಳಗೆ ಇಟ್ಟು ಸುತ್ತಿಸಿಬಿಟ್ಟರು. ಬೇಕೆಂದು ಮಾಡಿದ್ದಲ್ಲ ಎಂದು ಮನೆಯಲ್ಲಿ ಎಲ್ಲರೂ ನನಗೆ ತಿಳಿಹೇಳಿದರು. ಬೇಕೆಂದೇ ಮಾಡಿದ್ದರೆ ಒಂದು ಜಗಳವನ್ನಾದರೂ ಆಡಿ ಹಗುರಾಗುತ್ತಿದ್ದೆ. ತಪ್ಪು ಮಾಡಿದ್ದೇವೆಂದು ಗೊತ್ತೇ ಇಲ್ಲದವರ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸುವುದು? ಆ ಚಳಿಗಾಲವೆಲ್ಲ ನಾನು ಅದನ್ನು ಹೊತ್ತುಕೊಂಡೇ ಬಸ್ಸು ಹತ್ತಿದೆ, ಇಳಿದೆ.

ಆಗ ನಾವು ರಬಕವಿಯಲ್ಲಿದ್ದೆವು. ಓಣಿಯ ಮನೆಗಳಿಗೆಲ್ಲ ಪಾವರ್‌ಲೂಮ್ ಬಂದು ಎಷ್ಟೋ ವರ್ಷಗಳಾಗಿದ್ದರೂ ನಮ್ಮ ಮಾವ ಕೈಮಗ್ಗ ಬಿಟ್ಟಿರಲಿಲ್ಲ. ಪಡಸಾಲೆಯ ಅರ್ಧವನ್ನು ಅದೇ ತಿಂದಿತ್ತು. ಮಗ್ಗದ ಹಿಂದೆ ಅತ್ತೆಯ ರಾಟಿ. ಅವರು ದಿನವಿಡೀ ಅಲ್ಲೇ ಕೂತು ಲಾಳಿಯೊಳಗೆ ಹಾಕುವ ಸಣ್ಣ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದರು. ಅಕ್ಕಪಕ್ಕದ ಮಗ್ಗಗಳು ಬೆಳಗಿನಿಂದ ಖಟಖಟ ಎನ್ನುತ್ತಿದ್ದವು. ಮನೆಯೊಳಗೆ ಒಬ್ಬರಿಗೊಬ್ಬರು ಮಾತಾಡಬೇಕಾದರೂ ಒದರಬೇಕು. ಅಂಥ ಮನೆಯಲ್ಲಿ ಪುಸ್ತಕ ಹಿಡಿದು ಕೂತರೆ ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಪಾಪ, ಸುಮ್ಮನೆ ಕೂತು ಬೇಸರ ಮಾಡಿಕೊಂಡಿದ್ದಾಳೆ ಎಂದುಕೊಂಡು ಪ್ರೀತಿಯಿಂದ ಬಂದು ಮಾತಾಡಿಸುತ್ತಿದ್ದರು, ಇಲ್ಲವೇ ಬಿಡಿಸಲು ಒಂದು ಮೊರ ಶೇಂಗಾ ಮುಂದಿಡುತ್ತಿದ್ದರು. ಓದುವವಳು ಆ ಹೊತ್ತಿನಲ್ಲಿ ಮನೆಯಲ್ಲಿ ಇಲ್ಲ ಎನ್ನುವುದನ್ನು ಅವರಿಗೆ ತಿಳಿಸುವುದು ಹೇಗೆ ಎಂದು ನನಗೆ ಕೊನೆಯವರೆಗೂ ಹೊಳೆಯಲಿಲ್ಲ.

ಹೀಗಾಗಿ ನನ್ನ ಓದೆಲ್ಲ ಬಸ್ಸಿನಲ್ಲಿ. ನನಗೆ ಜಮಖಂಡಿಯ ಒಂದು ಕಚೇರಿಯಲ್ಲಿ ಟೈಪ್ ಮಾಡುವ ಕೆಲಸವಿತ್ತು. ಮುಳುಗಡೆಯ ಹಳ್ಳಿಗಳ ಕಾಗದಗಳು, ಯಾರ ಹೊಲ, ಯಾರ ಮನೆ, ಯಾರ ಬಾವಿ, ಎಲ್ಲವೂ ನನ್ನ ಬೆರಳಿನಡಿಯಿಂದಲೇ ಹಾಯ್ದುಹೋಗಬೇಕು. ದಿನವಿಡೀ ಅಕ್ಷರ ಕುಟ್ಟಿ ಕುಟ್ಟಿ ಅಕ್ಷರವೆಂದರೆ ವಾಕರಿಕೆ ಬರಬೇಕಿತ್ತು. ಬರಲಿಲ್ಲ, ಸಂಜೆ ಬಸ್ಸು ಹತ್ತುತ್ತಲೇ ಚೀಲದಿಂದ ವಾರಪತ್ರಿಕೆ ತೆಗೆಯುತ್ತಿದ್ದೆ. ಸೀಟು ಸಿಕ್ಕರೆ ಕೂತು, ಸಿಗದಿದ್ದರೆ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಓದುವುದು. ಸೀಟು ಸಿಗುವುದೆಂದರೇನು! ಬಸ್ಸು ಸ್ಟ್ಯಾಂಡಿಗೆ ಹೊರಳುವಾಗಲೇ ಗಂಡಸರು ಕಿಟಕಿಯೊಳಗೆ ಟವೆಲ್ ಒಗೆದುಬಿಡುತ್ತಿದ್ದರು. ಒಳಗೆ ಹೋಗಿ ನೋಡಿದರೆ ಸೀಟಿಗೊಂದು ಟವೆಲ್ ಆರಾಮವಾಗಿ ಕೂತಿರುತ್ತಿತ್ತು. ಒಂದು ಸಲ ನಾನೂ ಕರವಸ್ತ್ರ ಒಗೆದೆ. ಅದರ ಮೇಲೆ ಒಬ್ಬರು ಕೂತರು, ಬನಹಟ್ಟಿ ದಾಟುವ ತನಕ ಏಳಲಿಲ್ಲ.

ಇನ್ನು ಧಾರಾವಾಹಿಯ ವಿಷಯ. ನನ್ನ ತವರು ಮುಧೋಳ. ಅಲ್ಲಿ ನಮ್ಮವ್ವ ವಾರಪತ್ರಿಕೆಯಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಕತ್ತರಿಸಿ ಕೂಡಿಡುತ್ತಿದ್ದಳು. ಕತೆ ಮುಗಿದ ಮೇಲೆ ದಬ್ಬಣದಿಂದ ತೂತು ಹಾಕಿ, ದಾರದಿಂದ ಹೊಲಿದು, ಮೇಲೊಂದು ರಟ್ಟು ಅಂಟಿಸಿ ಪುಸ್ತಕ ಮಾಡುತ್ತಿದ್ದಳು. ಆ ಪುಸ್ತಕಗಳು ಓಣಿಯಲ್ಲೆಲ್ಲ ಅಡ್ಡಾಡಿ ಬರುತ್ತಿದ್ದವು. ನಾನೂ ಅದನ್ನೇ ಕಲಿತೆ. ರಬಕವಿಗೆ ಬಂದ ಮೇಲೆ ದಾರಕ್ಕಂತೂ ಬರವಿರಲಿಲ್ಲ.

ಆ ವರ್ಷ ನಡೆಯುತ್ತಿದ್ದ ಕತೆ ನಮ್ಮ ಬಸ್ಸಿನ ಹೆಂಗಸರನ್ನೆಲ್ಲ ಹಿಡಿದು ಕೂರಿಸಿತ್ತು. ಒಬ್ಬ ಹೆಣ್ಣುಮಗಳು ಗಂಡನ ಮನೆ ಬಿಟ್ಟು ಹೋಗುತ್ತಾಳೆ. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಆದರೆ ಆ ಮನೆಯಲ್ಲಿ ಅವಳನ್ನು ಯಾರೂ ಏನೂ ಕೇಳುವುದಿಲ್ಲ, ಉಂಡೆಯಾ ಎಂದೂ ಕೇಳುವುದಿಲ್ಲ. ಬೇರೆ ಊರಿನ ದವಾಖಾನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ವರ್ಷ ಕಳೆದ ಮೇಲೆ ಗಂಡ ಕರೆಯಲು ಬರುತ್ತಾನೆ. ಹೋಗುತ್ತಾಳೋ ಇಲ್ಲವೋ? ಈ ಒಂದು ಪ್ರಶ್ನೆಯ ಮೇಲೆ ಬರೆದಾತ ನಮ್ಮನ್ನು ಮಳೆಗಾಲದುದ್ದಕ್ಕೂ ಎಳೆದಾಡಿದ. ಬನಹಟ್ಟಿಯಲ್ಲಿ ಹತ್ತುತ್ತಿದ್ದ, ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರೊಬ್ಬರು ಹೋಗಲೇಬೇಕು ಎನ್ನುತ್ತಿದ್ದರು. ನಾನು ಹೋಗಬಾರದು ಎನ್ನುತ್ತಿದ್ದೆ. ಇಬ್ಬರ ನಡುವೆ ಸಿಕ್ಕ ಕಂಡಕ್ಟರ್, ಟಿಕೆಟ್ ತಗೊಂಡು ಆಮೇಲೆ ಎಲ್ಲಿಗಾದರೂ ಹೋಗ್ರಿ ಎನ್ನುತ್ತಿದ್ದ.

ಪ್ರತಿ ವಾರವೂ ಸರಿಯಾದ ಜಾಗದಲ್ಲೇ ಕತೆ ಮುರಿದುಬೀಳುತ್ತಿತ್ತು. ಆಕೆ ಬಾಗಿಲಿನ ಚಿಲಕಕ್ಕೆ ಕೈ ಇಟ್ಟಳು, ಮುಂದಿನ ವಾರಕ್ಕೆ. ಆತ ಬಾಯಿ ತೆರೆದ, ಮುಂದಿನ ವಾರಕ್ಕೆ. ಏಳು ದಿನ ಬಾಯಿ ತೆರೆದುಕೊಂಡೇ ನಿಂತವನನ್ನು ನೆನೆದು ನನಗೆ ಟೈಪ್ ಮಾಡುವಾಗ ಸಾಲು ತಪ್ಪುತ್ತಿತ್ತು. ಕತೆ ಇನ್ನು ಕೆಲವೇ ವಾರಗಳಲ್ಲಿ ಮುಗಿಯುತ್ತದೆ ಎಂದು ಪತ್ರಿಕೆಯಲ್ಲಿ ಬಂದಾಗ ನಾನೊಂದು ನಿರ್ಧಾರ ಮಾಡಿದೆ. ಇನ್ನು ಮೇಲೆ ಓದುವುದಿಲ್ಲ. ಕೊಂಡು, ಕತ್ತರಿಸಿ, ಕಣ್ಣು ಹಾಯಿಸದೆ ಎತ್ತಿಡುತ್ತೇನೆ. ಎಲ್ಲ ಬಂದ ಮೇಲೆ ಒಂದೇ ಸಲಕ್ಕೆ ಕೂತು, ಯಾರೂ ಇಲ್ಲದ ಹೊತ್ತಿನಲ್ಲಿ, ಮನಸ್ಸು ತುಂಬ ಓದುತ್ತೇನೆ.

ಯಾರೂ ಇಲ್ಲದ ಹೊತ್ತೂ ಗೊತ್ತಾಗಿತ್ತು. ಬೀಳಗಿಯಲ್ಲಿ ಮಾವನ ಕಡೆಯ ಒಂದು ಮದುವೆ, ಭಾನುವಾರ. ಮನೆಯವರೆಲ್ಲ ಹೋಗುವುದು. ನಾನು ತಲೆನೋವಿನ ನೆಪ ಹೇಳುವುದು. ಕೊನೆಯ ಕಂತು ಅದರ ಹಿಂದಿನ ವಾರವೇ ಬಂತು. ಸಮಾಪ್ತಿ ಎಂಬ ಅಕ್ಷರವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಕತ್ತರಿಸಿ, ಅಟ್ಟಣಿಗೆಯ ಮೇಲೆ ಉಳಿದವುಗಳ ಮೇಲಿಟ್ಟೆ. ನಮ್ಮವ್ವ ಹಬ್ಬಕ್ಕೆ ಮಾಡಿದ ಕರ್ಚಿಕಾಯಿಯನ್ನು ಹೀಗೆಯೇ ಮೇಲಿಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಎಲ್ಲರೂ ಹೋದರು. ನಮ್ಮ ಯಜಮಾನರು ನನ್ನ ಹಣೆ ಮುಟ್ಟಿ ನೋಡಿ, ಬಿಸಿ ಏನೂ ಇಲ್ಲವಲ್ಲ ಎಂದು ನಕ್ಕು ಹೋದರು. ಬಾಗಿಲು ಹಾಕಿದೆ. ಚಹಾ ಮಾಡಿಕೊಂಡೆ. ಸ್ಟೂಲಿನ ಮೇಲೆ ಹತ್ತಿ ಅಟ್ಟಣಿಗೆಗೆ ಕೈ ಹಾಕಿದೆ. ಖಾಲಿ. ಸ್ಟೂಲಿನ ಮೇಲೆ ನಿಂತೇ ಇನ್ನೊಮ್ಮೆ ಕೈಯಾಡಿಸಿದೆ, ಧೂಳು ಸಿಕ್ಕಿತು. ಆಮೇಲೆ ಇಡೀ ಮನೆಯನ್ನು ಬಗೆದೆ. ಹಾಸಿಗೆ ಜಾಡಿಸಿದೆ, ನೂಲಿನ ಮೂಟೆಗಳನ್ನು ಸರಿಸಿದೆ, ಜೋಳದ ಚೀಲದ ಹಿಂದೆಯೂ ನೋಡಿದೆ. ಮದುವೆಯಾದ ಮೇಲೆ ಆ ಮನೆಯಲ್ಲಿ ಮೊದಲ ಸಲ ನನಗೆಂದು ಸಿಕ್ಕ ದಿನ ಕಸಗುಡಿಸುವುದರಲ್ಲಿ ಹೋಯಿತು. ಮಾಡಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು.

ಸಂಜೆ ಅವರು ಬಂದರು. ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿದೆ. ಅತ್ತೆ ಸ್ವಲ್ಪ ಯೋಚಿಸಿ ಹೇಳಿದರು:

"ಆ ಹಳೀ ಹಾಳಿಗಳನ್ನೇನು? ಹಾಸು ಸುತ್ತೂ ಮುಂದ ಹಾಕಿದ್ವಲ್ಲವ್ವಾ."

ಸೀರೆ ನೇಯುವ ಮೊದಲು ಉದ್ದನೆಯ ಎಳೆಗಳ ಹಾಸನ್ನು ಮರದ ಬೀಮಿಗೆ ಬಿಗಿಯಾಗಿ ಸುತ್ತಬೇಕು. ಮೇಲಿನ ಸುತ್ತಿನ ಎಳೆಗಳು ಕೆಳಗಿನ ಸುತ್ತಿನೊಳಗೆ ಇಳಿಯಬಾರದೆಂದು ನಡುನಡುವೆ ಕಾಗದ ಹಾಸುತ್ತ ಹೋಗುತ್ತಾರೆ. ಯಾವಾಗಲೂ ಹಳೆಯ ಪೇಪರು ಹಾಕುತ್ತಿದ್ದರು. ಮದುವೆಯ ಹಿಂದಿನ ಗುರುವಾರ ನಾನು ಕಚೇರಿಯಲ್ಲಿದ್ದಾಗ, ಓಣಿಯ ಮಂದಿ ಹಾಸು ಹಿಡಿದು ನಿಂತಿದ್ದಾಗ, ಸುತ್ತಲು ಶುರುಮಾಡುವ ಮೊದಲೇ ನೋಡಿದರೆ ಪೇಪರು ಮುಗಿದಿದೆ. ಮಾವ ಕಾಗದ, ಕಾಗದ ಎಂದು ಕೂಗಿದ್ದಾರೆ. ಅತ್ತೆಯ ಕೈಗೆ ಅಟ್ಟಣಿಗೆಯ ಕಟ್ಟು ಸಿಕ್ಕಿದೆ. ಒಂದು ಕಡೆ ಕತ್ತರಿಸಿದ ಹಾಳೆ. ಯಾರೋ ಹರಿದು ಬಿಸಾಕಿದ್ದು ಎಂದುಕೊಂಡರಂತೆ. ನುಣುಪಾದ ಕಾಗದ, ಛಲೋ ಕೂತಿತು ಎಂದು ಮಾವ ಹೊಗಳಿದರಂತೆ. ಇದನ್ನೆಲ್ಲ ಅವರು ನನಗೆ ಸಂತೋಷದಿಂದಲೇ ಹೇಳಿದರು.

ಬಿಚ್ಚಿಕೊಡಿ ಎಂದೆ. ಮಾವ ನನ್ನನ್ನು, ಇವಳಿಗೆ ನಿಜವಾಗಿಯೂ ತಲೆನೋವಿದೆ ಎಂಬಂತೆ ನೋಡಿದರು.

"ಸುತ್ತಿದ ಹಾಸು ಯಾರರ ಬಿಚ್ಚತಾರನು? ನೇಯ್ದಂಗ ನೇಯ್ದಂಗ ತಾನ ಹೊರಗ ಬರ್ತಾವ ತಗಿ."

ಅಷ್ಟೇ. ಅದರ ಮೇಲೆ ಮಾತಿಲ್ಲ. ಬೀಮಿಗೆ ಊದುಬತ್ತಿ ಬೆಳಗಿ, ತೆಂಗಿನಕಾಯಿ ಒಡೆದು ಮಗ್ಗಕ್ಕೆ ಏರಿಸಿದ್ದಾಗಿತ್ತು. ನನ್ನ ಯಜಮಾನರು ರಾತ್ರಿ ಊಟಕ್ಕೆ ಕೂತಾಗ, ಕತೆಯ ಕೊನೆ ತಾನೇ ಬೇಕಿದ್ದರೆ ನಾನು ಹೇಳುತ್ತೇನೆ, ಹೋದಳು, ಎರಡು ಮಕ್ಕಳಾದವು, ಮುಗೀತು ಎಂದರು. ನಾನು ಅವರ ತಾಟಿಗೆ ಎರಡನೆಯ ರೊಟ್ಟಿ ಹಾಕಲಿಲ್ಲ.

ಮರುದಿನ ಜಮಖಂಡಿಯ ಸ್ಟ್ಯಾಂಡಿನಲ್ಲಿ ಪತ್ರಿಕೆ ಮಾರುವವನ ಹತ್ತಿರ ಹೋದೆ. ಉಳಿದ ಪತ್ರಿಕೆಗಳನ್ನೆಲ್ಲ ಕಟ್ಟಿ ವಾಪಸ್ ಕಳಿಸಿಯಾಗಿತ್ತು. ಮಧ್ಯಾಹ್ನ ಊಟ ಬಿಟ್ಟು ವಾಚನಾಲಯಕ್ಕೆ ಹೋದೆ. ಅಲ್ಲಿ ಹಳೆಯ ಸಂಚಿಕೆಗಳು ಸಾಲಾಗಿ ಇದ್ದವು. ನನ್ನ ಜೀವ ಹಿಂದಕ್ಕೆ ಬಂತು. ತೆರೆದು ನೋಡಿದರೆ ಧಾರಾವಾಹಿಯ ಹಾಳೆಗಳಿದ್ದ ಜಾಗದಲ್ಲಿ ಬ್ಲೇಡಿನಿಂದ ಸಾಫಾಗಿ ಕತ್ತರಿಸಿದ ಅಂಚುಗಳು. ಒಂದಲ್ಲ, ಎಲ್ಲ ವಾರದವೂ. ಎಷ್ಟು ಅಚ್ಚುಕಟ್ಟಾಗಿ ಕತ್ತರಿಸಿದ್ದರೆಂದರೆ ಅದು ನಮ್ಮವ್ವನಂಥವರ, ನನ್ನಂಥವರ ಕೈಯೇ. ಊರ ತುಂಬ ನಮ್ಮಂಥವರೇ ಇದ್ದ ಮೇಲೆ ವಾಚನಾಲಯದಲ್ಲಿ ಜಾಹೀರಾತು ಬಿಟ್ಟು ಇನ್ನೇನು ಉಳಿದೀತು. ಆ ಕತ್ತರಿಸಿದವರ ಕೈ ಸೇದಿಹೋಗಲಿ ಎಂದು ಶಪಿಸಿದೆ. ಮೇಜಿನ ಹಿಂದೆ ಕೂತಿದ್ದವರು ಏನು ಎಂದು ಕೇಳಿದರು, ಏನಿಲ್ಲ ಎಂದು ಹೊರಬಂದೆ.

ಇನ್ನುಳಿದವರು ಬನಹಟ್ಟಿಯ ಅಕ್ಕೋರು. ಅವರು ಯಾರದೋ ಮನೆಯಲ್ಲಿ ಪತ್ರಿಕೆ ಇಸಿದುಕೊಂಡು ಓದಿ ಮರಳಿಸುವವರು. ಹಾಳೆ ಇಲ್ಲ, ಕತೆ ಮಾತ್ರ ಇತ್ತು, ತುಟಿಯ ತುದಿಯಲ್ಲೇ. ನನ್ನನ್ನು ಕಂಡರೆ ಸಾಕು, ಏನಾಯಿತು ಗೊತ್ತಾ ಎಂದು ಶುರುಮಾಡುತ್ತಿದ್ದರು. ಬೇಡ, ಕೈ ಮುಗಿತೀನಿ, ನಾನು ಓದಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕೇಳಿದರೂ ಅದೇ ಕತೆ, ಓದಿದರೂ ಅದೇ ಕತೆಯಲ್ಲವೇ ಎಂದರು. ಅಲ್ಲ. ಯಾರೋ ಅಗಿದದ್ದನ್ನು ನಾನೇಕೆ ನುಂಗಬೇಕು? ನನಗೆ ಆ ಹೆಣ್ಣುಮಗಳ ಜೊತೆ ಆ ಬಾಗಿಲ ತನಕ ನಾನೇ ನಡೆದು ಹೋಗಬೇಕಿತ್ತು. ಕೊನೆಗೆ ಅವರಿಂದ ತಪ್ಪಿಸಿಕೊಳ್ಳಲೆಂದೇ ನಾನು ಬೆಳಗಿನ ಬಸ್ಸು ಬಿಟ್ಟು ಅದರ ಹಿಂದೆ ಬರುವುದನ್ನು ಹಿಡಿಯತೊಡಗಿದೆ. ಅದು ಎಂದೂ ಹೊತ್ತಿಗೆ ಬಂದದ್ದಲ್ಲ. ಕಚೇರಿಯಲ್ಲಿ ತಡವೆಂದು ಮಾತು ಕೇಳಿದೆ. ಒಂದು ಕತೆಯ ಕೊನೆಯನ್ನು ಕೇಳಿಸಿಕೊಳ್ಳಬಾರದೆಂದು ಇಷ್ಟು ಪಾಡು ಪಟ್ಟವರು ಇನ್ನಾರಾದರೂ ಇದ್ದಾರೆಯೇ ನನಗೆ ತಿಳಿಯದು.

ಹೀಗೆ ನನ್ನ ಕತೆ ಮಾವನ ಕೈಯಲ್ಲಿ ಬಿತ್ತು. ಒಂದೇ ಪುಣ್ಯವೆಂದರೆ, ಕಟ್ಟಿನ ಮೇಲೆ ಇದ್ದ ಹೊಸ ಕಂತು ಮೊದಲು ಬೀಮಿನ ಒಳಗೆ ಹೋಗಿತ್ತು, ಅಡಿಯಲ್ಲಿದ್ದ ಹಳೆಯದು ಆಮೇಲೆ. ಹಾಗಾಗಿ ಬಿಚ್ಚಿಕೊಳ್ಳುವಾಗ ಹಳೆಯದು ಮೊದಲು ಬಂದು, ಕೊನೆ ಕೊನೆಗೇ ಬರಬೇಕು. ಆದರೆ ಬರಬೇಕಲ್ಲ. ಅದು ಹಲವು ಸೀರೆಗಳ ಹಾಸು. ಮಾವ ಒಳ್ಳೆಯ ನೇಕಾರರು, ಓಣಿಯೇ ಒಪ್ಪುತ್ತಿತ್ತು. ಅವಸರ ಎಂಬ ಪದ ಮಾತ್ರ ಅವರ ಕಿವಿಗೆ ಬಿದ್ದಿರಲಿಲ್ಲ. ಎಳೆ ಹರಿದರೆ ಕೂಡಿಸಬೇಕು, ಎಲೆ ಅಡಿಕೆ ಮುಗಿದರೆ ತರಬೇಕು, ಹಾದಿಯಲ್ಲಿ ಹೋಗುವವರು ಕೆಮ್ಮಿದರೂ ಎದ್ದು ನೋಡಬೇಕು.

ಕರೆಂಟು ಹೋದಾಗ ನನಗೆ ಆಸೆಯಾಗುತ್ತಿತ್ತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು ಕಿವಿ ಗುಂಯ್ ಎನ್ನುವ ಆ ಹೊತ್ತಿನಲ್ಲಿ ನಡೆಯಬಲ್ಲ ಮಗ್ಗ ನಮ್ಮದೊಂದೇ. ಈಗಾದರೂ ಎರಡು ಮೊಳ ಮುಂದೆ ಹೋಗುತ್ತದೆ ಎಂದುಕೊಳ್ಳುವಷ್ಟರಲ್ಲಿ ಕೈ ಖಾಲಿಯಾದ ಪಾವರ್‌ಲೂಮಿನ ಮಂದಿಯೆಲ್ಲ ನಮ್ಮ ಪಡಸಾಲೆಗೇ ಬಂದು ಕೂರುತ್ತಿದ್ದರು. ಹಿಪ್ಪರಗಿಯ ಬ್ಯಾರೇಜು ತುಂಬಿದರೆ ಯಾರ ಹೊಲಕ್ಕೆ ನೀರು ಬರುತ್ತದೆ, ಕಬ್ಬಿಗೆ ಏನು ದರ, ಮುಳುಗಡೆಯ ಪರಿಹಾರ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಎಲ್ಲವೂ ಅಲ್ಲಿ ತೀರ್ಮಾನವಾಗಬೇಕು. ಮಾವ ಲಾಳಿ ಕೆಳಗಿಟ್ಟು ಅವರ ನಡುವೆ ಕೂರುತ್ತಿದ್ದರು. ನಾನು ಚಹಾ ಮಾಡಬೇಕು. ಕರೆಂಟು ಬಂದೊಡನೆ ಅವರೆಲ್ಲ ಓಡುತ್ತಿದ್ದರು, ಮಾವನಿಗೆ ಆಗ ಊಟದ ಹೊತ್ತಾಗಿರುತ್ತಿತ್ತು. ಸಿಟ್ಟು ನೆತ್ತಿಗೇರಿ, ಚಹಾದ ಕಪ್ಪು-ಬಸಿಗಳನ್ನು ಬೇಕಂತಲೇ ಸಪ್ಪಳ ಮಾಡಿ ತೊಳೆಯುತ್ತಿದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ, ಮಗ್ಗಗಳು ಶುರುವಾಗಿರುತ್ತಿದ್ದವಲ್ಲ.

ಹಾಳೆಗಳು ಬರಲಾರಂಭಿಸಿದವು. ಬೀಮು ಇರುವುದು ಮಗ್ಗದ ಹಿಂಬದಿಗೆ. ಅದು ತಿರುಗಿದಾಗ ಕಾಗದ ಉದುರುವುದು ರಾಟಿಯ ಮುಂದೆ ಕೂತ ಅತ್ತೆಯ ಎದುರಿಗೆ. ಅವರು ಅವನ್ನು ಆರಿಸಿ, ಸವರಿ, ಗಾದಿಯ ಕೆಳಗಿಟ್ಟು ಸಂಜೆ ನನ್ನ ಕೈಗೆ ಕೊಡುತ್ತಿದ್ದರು. ಹಾಳೆಯ ತುಂಬ ಎಳೆಗಳ ಗುರುತು, ಅಲ್ಲಲ್ಲಿ ಗಂಜಿಯ ಕಲೆ. ಮರುದಿನ ಬಸ್ಸಿನಲ್ಲಿ ಓದಿದರೆ, ಎರಡು ಹಾಳೆಗೆ ಮುಗಿದೇಹೋಗುತ್ತಿತ್ತು. ವಾರದ ಕಂತೇ ವಾಸಿ ಎನಿಸಿತು. ಮುಂದಿನ ವಾರ ಎಂಬುದಾದರೂ ಒಂದು ಗೊತ್ತಾದ ದಿನ. ಇಲ್ಲಿ ಮಾವನ ಮೊಣಕಾಲು ನೋಯಬಾರದು, ನೂಲು ತಪ್ಪದೆ ಬರಬೇಕು, ಯಾರೂ ಸಾಯಬಾರದು. ದೂರದ ಬೀಗರೊಬ್ಬರು ಸತ್ತು ಮಗ್ಗ ಕೆಲವು ದಿನ ನಿಂತಿತು. ಅವರು ಇನ್ನಷ್ಟು ದಿನ ಬದುಕಬಾರದಿತ್ತೇ ಎಂದು ನಾನು ಅತ್ತದ್ದನ್ನು ಕಂಡು ಎಲ್ಲರೂ ನನ್ನನ್ನು ಮೆಚ್ಚಿಕೊಂಡರು.

ಒಂದು ಸಂಜೆ ಬಸ್ಸು ಹೇಗೋ ಹೊತ್ತಿಗೆ ಬಂದು, ನಾನು ದಿನಕ್ಕಿಂತ ಬೇಗ ಮನೆ ಸೇರಿದೆ. ಕರೆಂಟು ಹೋಗಿ ಓಣಿ ಸುಮ್ಮನಿತ್ತು. ಅಂದು ಹರಟೆಯವರೂ ಬಂದಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿತು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಒಂದೊಂದು ಪದದ ಮುಂದೂ ನಿಂತು ಉಸಿರೆಳೆದುಕೊಂಡು ಓದುತ್ತಿದ್ದರು. ಸಣ್ಣವರಿದ್ದಾಗ ಸಾಲಿಗೆ ಸ್ವಲ್ಪ ದಿನ ಹೋದವರು. ಮದುವೆಯ ಕಾರ್ಡು, ಬಸ್ಸಿನ ಬೋರ್ಡು ಬಿಟ್ಟರೆ ಬೇರೇನನ್ನೂ ಅವರು ಓದಿದ್ದನ್ನು ನಾನು ನೋಡಿರಲಿಲ್ಲ. ಮಗ್ಗದ ಈಚೆಯಿಂದ ಮಾವ, ಮುಂದ, ಎಂದು ಕೇಳಿದರು. ಅತ್ತೆ ಮುಂದಿನ ಪದವನ್ನು ಕೂಡಿಸತೊಡಗಿದರು.

ಓದುತ್ತಿದ್ದುದು ನನ್ನ ಕತೆ. ನಾನು ಇನ್ನೂ ಓದಿರದ ಹಾಳೆ.

ನನ್ನ ಮೈಯೆಲ್ಲ ಉರಿದುಹೋಯಿತು. ಚೆನ್ನಾಗಿ ನೆನಪಿದೆ, ಅಯ್ಯೋ ಪಾಪ ಓದುತ್ತಿದ್ದಾರಲ್ಲ ಎಂಬ ಸಂತೋಷ ನನಗೆ ಆಗಲಿಲ್ಲ. ನನ್ನದೆಂದು ಇದ್ದದ್ದು ಇದೊಂದೇ, ಇದಕ್ಕೂ ನನಗಿಂತ ಮೊದಲು ಇವರ ಕೈ ಬೀಳಬೇಕೇ ಎನಿಸಿತು. ಒಳಗೆ ಹೋಗಿ ಹಾಳೆ ಕಸಿದುಕೊಂಡೆ ಎಂದೇ ಹೇಳಬೇಕು. ಅತ್ತೆ ಗಾಬರಿಯಾಗಿ, ಹಾಳಾಗಿಲ್ಲವ್ವಾ, ನೋಡು ಬೇಕಾದರೆ ಎಂದರು. ಓದಿದರೆ ಹಾಳಾಗುತ್ತದೆ ಎಂದು ಅವರು ತಿಳಿದಿದ್ದರೋ ಏನೋ. ನಾನು ಒಂದೇ ಮಾತು ಕೇಳಿಕೊಂಡೆ: ನೀವು ಓದಿರಿ, ಎಷ್ಟು ಬೇಕಾದರೂ ಓದಿರಿ, ಆದರೆ ಮುಂದೇನಾಯಿತು ಎಂದು ನನ್ನ ಮುಂದೆ ಬಾಯಿ ಬಿಡಬೇಡಿರಿ. ಮಾವ, ಆತು ಎಂದರು. ಅತ್ತೆ ತಲೆ ಅಲ್ಲಾಡಿಸಿದರು. ಅಂದಿನಿಂದ ಅವರು ನನಗೆ ಹಾಳೆ ಕೊಡುವಾಗ ಬಾಯಿ ಬಿಗಿಹಿಡಿದುಕೊಂಡು ಕೊಡುತ್ತಿದ್ದರು. ಆ ಬಿಗಿದ ಬಾಯಿ ನೋಡಿ ನನಗೆ ಇನ್ನಷ್ಟು ಸಿಟ್ಟು. ಅದರಲ್ಲಿ ಮುಂದಿನದು ಇತ್ತಲ್ಲ.

ಸಂಕ್ರಾಂತಿ ಕಳೆದು ಎಷ್ಟೋ ದಿನಗಳ ಮೇಲೆ ಬೀಮು ತೆಳ್ಳಗಾಗಿ ಮರ ಕಾಣಿಸತೊಡಗಿತು. ಕತೆಯಲ್ಲಿ ಗಂಡ ದವಾಖಾನೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ, ಅವಳ ಪಾಳಿ ಮುಗಿಯುವುದನ್ನೇ ಕಾಯುತ್ತ. ನಾಳೆ ಹಾಸು ಮುಗಿಯುತ್ತದೆ ಎಂದರು ಮಾವ. ಸ್ವಲ್ಪ ಉಳಿಸಿ, ಸಂಜೆ ನಾನು ಬಂದ ಮೇಲೆ ನೇಯಿರಿ ಎಂದು ಕೇಳಿಕೊಂಡೆ. ಅವರಿಗೂ ಏನನ್ನಿಸಿತೋ, ಆತು ಬಾ, ನೀ ಬರೂ ತನಕ ಲಾಳಿ ಮುಟ್ಟೂದಿಲ್ಲ ಎಂದರು. ಅವರು ಅಷ್ಟು ಮಾತು ಕೊಟ್ಟದ್ದೇ ದೊಡ್ಡದು.

ಆ ಸಂಜೆ ಜಮಖಂಡಿಯಿಂದ ಹೊರಟ ಬಸ್ಸು ಊರು ದಾಟಿ ಸ್ವಲ್ಪ ದೂರ ಬಂದು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರು ಅಡ್ಡ ಬಿದ್ದು ರಸ್ತೆಯ ತುಂಬ ಕಬ್ಬು. ಕಾರ್ಖಾನೆಗಳು ಶುರುವಾದ ಮೇಲೆ ಇದು ಹೊಸದೇನಲ್ಲ. ಗಂಡಸರು ಇಳಿದು ಒಂದೊಂದು ಕಬ್ಬು ಎತ್ತಿಕೊಂಡು ಬದುವಿನ ಮೇಲೆ ಕೂತು ಸಿಗಿಯತೊಡಗಿದರು. ಯಾರ ಮುಖದಲ್ಲೂ ಅವಸರವಿಲ್ಲ. ನಾನು ಡ್ರೈವರನ ಹತ್ತಿರ ಹೋಗಿ ಬಸ್ಸನ್ನು ಪಕ್ಕದ ಹೊಲದಲ್ಲಿ ಇಳಿಸಿ ದಾಟಿಸಲು ಆಗುವುದಿಲ್ಲವೇ ಎಂದು ಕೇಳಿದೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಆತ ಕನಿಕರದಿಂದ ಕೇಳಿದ. ಹೂಂ ಎಂದುಬಿಟ್ಟೆ. ಮತ್ತೇನು ಹೇಳುವುದು, ಮಾವ ಸೀರೆ ನೇಯುತ್ತಾರೆ, ಅದರೊಳಗಿಂದ ಕತೆ ಬರುತ್ತದೆ ಎಂದೇ? ಆತ ಕೈಚೆಲ್ಲಿದ. ಹೊತ್ತು ಇಳಿಯುತ್ತ ಹೋಯಿತು. ಈ ಬಸ್ಸುಗಳು, ಈ ರಸ್ತೆ, ಈ ಕಬ್ಬು, ಇವುಗಳಿಗೆ ಬೆಂಕಿ ಬೀಳಲಿ ಎಂದು ಕಿಟಕಿಗೆ ತಲೆ ಕೊಟ್ಟು ಕೂತೆ.

ರಬಕವಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಓಣಿಯಲ್ಲಿ ಕರೆಂಟಿರಲಿಲ್ಲ. ಪಡಸಾಲೆಯಲ್ಲಿ ಕಂದೀಲು. ಮಗ್ಗದ ಮೇಲೆ ಏನೂ ಇರಲಿಲ್ಲ, ಬೀಮು ಬರಿಯ ಮರ. ಮಾವ ಬಹಳ ಹೊತ್ತು ಕಾದರಂತೆ. ನೂಲು ಕೊಟ್ಟು ನೇಯಿಸುವ ಸಾಹುಕಾರರ ಕಡೆಯಿಂದ ಸೀರೆಗೆ ಆಳು ಬಂದು ಕೂತನಂತೆ. ಮುಗಿಸಿಕೊಂಡು ಅವನ ಜೊತೆಗೇ ಹೋಗಿದ್ದರು. ಅತ್ತೆ ರಾಟಿಗೆ ಒರಗಿ ಕೂತಿದ್ದರು. ಹಾಳೆಗಳು ಅವರ ಮಡಿಲಲ್ಲಿದ್ದವು.

ಕೊಡಿ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ನನ್ನ ಮುಖ ನೋಡಿ ಹೇಳಿಯೇಬಿಟ್ಟರು:

"ಆಕಿ ಹೋಗಲಿಲ್ಲ ನೋಡವ್ವಾ. ಅಂವ ಕರದ್ರೂ ಹೋಗಲಿಲ್ಲ."

ನಾನು ಚೀಲವನ್ನು ನೆಲಕ್ಕೆ ಒಗೆದೆ. ಇಷ್ಟು ದಿನ ಅಕ್ಕೋರ ಬಾಯಿಂದ, ಬಸ್ಸಿನವರ ಬಾಯಿಂದ ತಪ್ಪಿಸಿಕೊಂಡು ತಪ್ಪಿಸಿಕೊಂಡು, ಹೊಸ್ತಿಲು ದಾಟಿ ಎರಡು ಹೆಜ್ಜೆಗೆ ಸಿಕ್ಕಿಬಿದ್ದಿದ್ದೆ. ಕಣ್ಣಲ್ಲಿ ನೀರು ಬಂತು. ಹೇಳಬೇಡಿರಿ ಎಂದು ಅಷ್ಟು ಬೇಡಿಕೊಂಡಿರಲಿಲ್ಲವೇ, ನನ್ನದೊಂದು ಸಣ್ಣ ಆಸೆಯನ್ನೂ ಈ ಮನೆಯಲ್ಲಿ ಉಳಿಸುವುದಿಲ್ಲವೇ ಎಂದು ದನಿ ಎತ್ತಿಯೇ ಅಂದೆ. ಅತ್ತೆಗೆ ಹಾಗೆ ನಾನು ಎಂದೂ ಅಂದಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಹಾಳೆಗಳ ಮೂಲೆಗಳನ್ನು ಸರಿಮಾಡುತ್ತ ಕೂತರು.

"ಯಾರಿಗರ ಹೇಳಬೇಕಾಗಿತ್ತು," ಎಂದರು. "ನಾನೂ ಒಮ್ಮೆ ಮನಿ ಬಿಟ್ಟು ಹೋಗಿದ್ದೆ."

ಎಲ್ಲಿಗೆ ಎಂದೆ, ಇನ್ನೂ ಸಿಟ್ಟಿನಲ್ಲೇ. ತವರಿಗೆ, ತೇರದಾಳಕ್ಕೆ, ಎಂದರು. ಹಬ್ಬಕ್ಕೆ ಹೋದದ್ದಲ್ಲವಂತೆ. ಇನ್ನು ಬರುವುದಿಲ್ಲ ಎಂದೇ ಹೋದದ್ದಂತೆ. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಒಂದು ಮಧ್ಯಾಹ್ನ ಕಂಡಿಕೆ ಸುತ್ತುತ್ತಿದ್ದವರು ರಾಟಿ ಬಿಟ್ಟು ಎದ್ದು, ಒಂದು ಗಂಟು ಕಟ್ಟಿಕೊಂಡು ಸ್ಟ್ಯಾಂಡಿಗೆ ನಡೆದರಂತೆ. ನನ್ನ ಗಂಡ ಆಗ ಅವರ ಕಂಕುಳಲ್ಲಿದ್ದ ಕೂಸು. ಸಂಜೆಯ ತನಕ ಅಲ್ಲೇ ಬೇವಿನ ಗಿಡದ ಕೆಳಗೆ ಕೂತಿದ್ದರಂತೆ. ಆಮೇಲೆ ಮನೆಗೆ ಬಂದು ಒಲೆ ಹಚ್ಚಿದರಂತೆ. ಹೊಳೆಗೆ ಅರಿವೆ ಒಗೆಯಲು ಹೋಗಿದ್ದಾಳೆಂದು ಎಲ್ಲರೂ ತಿಳಿದಿದ್ದರು, ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ ಎಂದರು.

ಕತೆಯವಳು ಹೋಗಲಿಲ್ಲ ಎನ್ನುವುದು ನನಗೆ ಮರೆತೇಹೋಯಿತು.

"ಮತ್ತ ಯಾಕ ಹೊಳ್ಳಿ ಬಂದ್ರಿ ಅತ್ತಿ?" ಎಂದು ಕೇಳಿದೆ.

ಅವರು ಹಾಳೆಗಳನ್ನು ನನ್ನ ಕೈಗೆ ಕೊಟ್ಟು, ರೊಟ್ಟಿಗೆ ಹಿಟ್ಟು ನಾದಲು ಎದ್ದರು.

"ಬಸ್ ಬರ್ಲಿಲ್ಲವ್ವಾ," ಎಂದರು.